ಐದು ಲೋಟಗಳ ನಡುವೆ ಒಂದು ನಿಂಬೆಹಣ್ಣು

ನನ್ನ ಮೊಮ್ಮಗ ಈರೇಶನನ್ನು ಮೈದಾನದಲ್ಲಿ ಹುಡುಕುವುದಕ್ಕೆ ನಾನು ಕನ್ನಡಕ ಒರೆಸಿಕೊಳ್ಳಬೇಕಾಗಿರಲಿಲ್ಲ. ಎರಡೂ ಕಡೆಯ ಹುಡುಗರ ತಲೆಗೆ ಒಂದೇ ಥರದ ಹೆಲ್ಮೆಟ್ಟು, ಅಂಗಿಯೊಳಗೆ ಹಲಗೆ ಇಟ್ಟುಕೊಂಡಂತೆ ಅಗಲವಾದ ಭುಜ. ಆದರೂ ಎಲ್ಲರಿಗಿಂತ ಹಿಂದೆ, ಒಬ್ಬನೇ, ಚೆಂಡು ಹಿಡಿದುಕೊಂಡು ನಿಂತವನು ಯಾರೆಂದರೆ ಅವನೇ. ಕಣ್ಣು ಮಿಟುಕಿಸುವುದರೊಳಗೆ ಎದುರು ಪಕ್ಷದ ಇಬ್ಬರು ಬಂದು ಅವನನ್ನು ನೆಲಕ್ಕೆ ಕೆಡವುತ್ತಿದ್ದರು. ಆಗ ಇನ್ನೂ ಚೆನ್ನಾಗಿ ಕಾಣುತ್ತಿದ್ದ.

ಮಗ ಬಂದು ನೆಲೆಸಿರುವ ಈ ದೇಶದವರು ಫುಟ್‌ಬಾಲ್ ಅನ್ನುವುದು ಕಾಲಿನ ಆಟವಲ್ಲ. ಚೆಂಡು ಸುಲಿಯದ ತೆಂಗಿನಕಾಯಿಯ ಆಕಾರದ್ದು, ಅದನ್ನು ಹೆಚ್ಚಾಗಿ ಕೈಯಲ್ಲೇ ಎಸೆಯುತ್ತಾರೆ. ಎಸೆಯುವವನಿಗೆ ಕ್ವಾರ್ಟರ್‌ಬ್ಯಾಕ್ ಅಂತ ಹೆಸರು. ನಮ್ಮ ಹುಡುಗ ಅದೇ. ಹನ್ನೆರಡನೇ ಗ್ರೇಡು, ಶಾಲೆಯ ಕಡೆಯ ವರ್ಷ. ಒಂಬತ್ತನೆಯದರಿಂದ ಕಾದು ಕಾದು ಈ ವರ್ಷ ಆ ಜಾಗ ಸಿಕ್ಕಿತ್ತು. ಸಿಕ್ಕ ಮೇಲೆ ಶಾಲೆ ಒಂದು ಆಟವನ್ನೂ ಗೆದ್ದಿರಲಿಲ್ಲ.

"ಸುನೀಲಾ, ಅವರು ಬರೂದು ಇವಗ ಕಾಣೂದಿಲ್ಲೇನೋ?" ಎಂದು ಪಕ್ಕದಲ್ಲಿ ನಿಂತಿದ್ದ ಮಗನನ್ನು ಕೇಳಿದೆ. ನಾನು ಮಡಚುವ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದೆ.

"ಕಾಣ್ತದವ್ವಾ."

"ಮತ್ತ ಓಡಿ ಹೋಗಬಾರದೇನು?"

"ಓಡಿದ್ರ ಹೆಂಗ? ನಿಂತು ಒಗೀಬೇಕು. ಅವನ ಕೆಲಸಾನ ಅದು."

"ನಿಂದ್ರಾಕ ಬಿಡವಲ್ರಲ್ಲ."

"ಅವ್ವಾ, ಆಟ ನೋಡಾಕ ಬಿಡು ನಂಗ!"

ವಿಮಾನವೊಂದು ಚಕ್ರ ಬಿಚ್ಚಿಕೊಂಡು ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ಅದರ ಸದ್ದು ಇಳಿದಾಗ ಈರೇಶ ಮತ್ತೆ ಹುಲ್ಲಿನ ಮೇಲಿದ್ದ.

ಆಟ ಮುಗಿದ ಮೇಲೆ ಕೋಚ್ ಬೇಲಿಯ ಹತ್ತಿರ ಬಂದರು. ಒಳ್ಳೆಯ ಮನುಷ್ಯ, ಗಂಟಲು ಮಾತ್ರ ಸದಾ ಕಟ್ಟಿಕೊಂಡಿರುತ್ತದೆ. ಸುನೀಲನಿಗೆ ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕಾರಿನಲ್ಲಿ ಅವನು ನನಗೆ ಕನ್ನಡದಲ್ಲಿ ಹೇಳಿದ. ಬರುವ ವಾರ ಥ್ಯಾಂಕ್ಸ್‌ಗಿವಿಂಗ್ ರಜೆ, ಆಟವಿಲ್ಲ. ಅದರ ಮುಂದಿನ ಶುಕ್ರವಾರದ ಮೊದಲರ್ಧ ಈರೇಶನಿಗೆ. ಚೆಂಡು ಮುಂದೆ ಸಾಗದಿದ್ದರೆ ಎರಡನೆಯ ಅರ್ಧಕ್ಕೆ ಮಾರ್ಲನ್ ಎನ್ನುವ ಹುಡುಗ ಆ ಜಾಗಕ್ಕೆ ಬರುತ್ತಾನೆ. ಆಮೇಲೆ ಸೀಸನ್ ಮುಗಿಯುವವರೆಗೆ ಅವನೇ.

ಈರೇಶ ಹಿಂದಿನ ಸೀಟಿನಲ್ಲಿ ಹೂಡಿಯ ಟೊಪ್ಪಿಗೆಯನ್ನು ಕಣ್ಣಿನ ತನಕ ಎಳೆದುಕೊಂಡು ಕೂತಿದ್ದ.

"ಟ್ಯೂಷನ್ ಹೆಚ್ಚು ಮಾಡಿಸೂಣು," ಅಂದ ಸುನೀಲ. "ಬುಧವಾರ ಒಂದು ತಾಸು ಸಾಲವಲ್ದು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಮಗ ಹತ್ತನೇ ಕ್ಲಾಸಿನ ಗಣಿತದಲ್ಲಿ ಡುಮ್ಕಿ ಹೊಡೆದವನು. ಧಾರವಾಡದಲ್ಲಿ ರಾಮಮೂರ್ತಿ ಮಾಸ್ತರರ ಮನೆಗೆ ಟ್ಯೂಷನ್ನಿಗೆ ಹಚ್ಚಿದ ಮೇಲೆ ಪಾಸಾದ. ಅಂದಿನಿಂದ ಅವನಿಗೆ ಟ್ಯೂಷನ್ ಅಂದರೆ ಕೈಬಿಡದ ದೇವರು. ಈರೇಶ ಈಜಿನಲ್ಲಿ ಹಿಂದೆ ಬಿದ್ದರೆ ಟ್ಯೂಷನ್, ಫ್ರೆಂಚಿನಲ್ಲಿ ಹಿಂದೆ ಬಿದ್ದರೆ ಟ್ಯೂಷನ್. ಫುಟ್‌ಬಾಲಿಗೂ ಒಬ್ಬ ಮಾಸ್ತರನನ್ನು ಹುಡುಕಿದ್ದ. ಹಿಂದೆ ದೊಡ್ಡ ತಂಡದಲ್ಲಿ ಆಡಿದವನಂತೆ, ರಿಚ್ಮಂಡ್ ಹಿಲ್‌ನಲ್ಲಿ ಒಂದು ಗೋದಾಮಿನಂಥ ಜಾಗದಲ್ಲಿ ಒಬ್ಬೊಬ್ಬರಿಗೇ ಕಲಿಸುತ್ತಾನೆ. ಬುಧವಾರ ಶಾಲೆ ಬಿಟ್ಟ ಕೂಡಲೇ ಸುನೀಲ ಹುಡುಗನನ್ನು ಕಾರಿಗೆ ಹಾಕಿಕೊಂಡು ಅಲ್ಲಿಗೆ ಓಡುತ್ತಿದ್ದ.

ಆ ಬುಧವಾರ ನಾನೂ ಹೊರಟೆ. ಆ ಕಡೆ ದೇವಸ್ಥಾನವಿದೆ. ಹುಡುಗನಿಗೆ ದೃಷ್ಟಿಯಾಗಿದೆ ಎಂದು ನನ್ನ ಲೆಕ್ಕ. ನಿಂಬೆಹಣ್ಣು ತಂದು ಅವನ ಚೀಲದಲ್ಲಿಡಬೇಕು ಅಂದುಕೊಂಡಿದ್ದೆ. ಹುಡುಗನನ್ನು ಮೊದಲು ಟ್ಯೂಷನ್ನಿಗೆ ಇಳಿಸಿ, ಪೂಜೆ ಮುಗಿಸಿ, ನಿಂಬೆಹಣ್ಣನ್ನೂ ಅವನ ಕೈಗೆ ಕಟ್ಟಲು ಒಂದು ಕೆಂಪು ದಾರವನ್ನೂ ಪರ್ಸಿನಲ್ಲಿಟ್ಟುಕೊಂಡು ಮತ್ತೆ ಟ್ಯೂಷನ್ನಿನ ಜಾಗಕ್ಕೆ ಬಂದೆವು.

ಒಳಗೆ ಹೋಗಿ ನೋಡಿದರೆ ನಾನು ಬೇರೆಯೇ ಈರೇಶನನ್ನು ಕಂಡೆ. ಚೆಂಡು ತೆಗೆದುಕೊಂಡು ಹಿಂದಕ್ಕೆ ಹಿಂದಕ್ಕೆ ಸರಿದು, ಕಾಲು ಊರಿ, ಎಸೆದರೆ, ದೂರದ ಬಲೆಯಲ್ಲಿ ಕಟ್ಟಿದ ಬಟ್ಟೆಯ ತೂತಿನೊಳಗೆ ಚೆಂಡು ಹೋಗಿ ಬೀಳುತ್ತಿತ್ತು. ಮತ್ತೆ ಎಸೆದರೆ ಮತ್ತೆ ಅದೇ ತೂತು. ಮಾಸ್ತರ "ಡೀಪರ್, ಡೀಪರ್" ಅನ್ನುತ್ತಿದ್ದ. ಇನ್ನೂ ಹಿಂದೆ ಹೋಗು, ಸಮಯ ತೆಗೆದುಕೋ ಎಂದು ಅರ್ಥ. ಸುನೀಲ ಎದೆಯ ಮೇಲೆ ಕೈಕಟ್ಟಿ ನನ್ನ ಕಡೆ ನೋಡಿದ, ಕಂಡೆಯಾ ಅನ್ನುವಂತೆ.

ನನಗೆ ದೃಷ್ಟಿಯ ಲೆಕ್ಕ ಅಲ್ಲಿಯೇ ತಪ್ಪಿತು. ದೃಷ್ಟಿಯಾದವನಿಗೆ ಬುಧವಾರ ಕೈ ನೆಟ್ಟಗಿದ್ದು ಶುಕ್ರವಾರ ಮಾತ್ರ ಹೇಗೆ ಕೆಡುತ್ತದೆ? ಮರಳುವಾಗ 407 ಹೆದ್ದಾರಿಯ ಮೇಲೆ ಕೇಳಿದೆ.

"ಈರೇಶಾ, ಇಲ್ಲಿ ಎಲ್ಲಾ ತೂತಿನಾಗ ಬೀಳ್ತಾವಲ್ಲೋ. ಅಲ್ಲಿ ಯಾಕ ಬೀಳವಲ್ವು?"

"ಆಯೀ, ಇಲ್ಲೆ ನನ್ನ ಮ್ಯಾಲೆ ಯಾರೂ ಬರಂಗಿಲ್ಲ."

"ಅಲ್ಲಿ ಬರೋರನ್ನ ತಡಿಯೋರು ಯಾರು?"

"ಓ-ಲೈನ್. ಫೈವ್ ಗಾಯ್ಸ್. ನನ್ನ ಮುಂದ ನಿಂತಿರ್ತಾರ."

"ಅವರು ಯಾರ ಪೈಕಿ? ಹೆಸರೇನು?"

"ಸೆಂಟರ್ ಹರ್ಜೋತ್. ಲೆಫ್ಟ್‌ಗೆ ಡ್ವೇನ್..." ಉಳಿದವರ ಹೆಸರನ್ನೂ ಹೇಳಿದ.

"ನಿನ್ನ ದೋಸ್ತರೇನು?"

ಕನ್ನಡಿಯಲ್ಲಿ ಅವನ ಮುಖ ನೋಡಿದೆ. "ದೇ ಆರ್... ಟೀಂಮೇಟ್ಸ್," ಅಂದ.

ನಾನು ಓದು ಕಲಿತದ್ದು ಮಕ್ಕಳಾದ ಮೇಲೆ, ರಾತ್ರಿ ಶಾಲೆಯಲ್ಲಿ. ಗುರುಗಳು ಹೇಳಿದ್ದರಲ್ಲಿ ಅರ್ಧ ತಲೆಗೆ ಹೋಗುತ್ತಿತ್ತು. ಉಳಿದರ್ಧವನ್ನು ಪಕ್ಕದಲ್ಲಿ ಕೂತ ಲೀಲಮ್ಮ ಮೊಣಕೈಯಿಂದ ತಿವಿದು ತಿವಿದು ಹೇಳಿಕೊಡುತ್ತಿದ್ದಳು. ಹಾಗಾಗಿ ಐದು ಜನರ ಹಿಂದೆ ನಿಂತು ಆಡುವ ಆಟವನ್ನು ಒಬ್ಬನೇ ಹೋಗಿ ಕಲಿತು ಬರುವ ಏರ್ಪಾಡು ನನಗೆ ಸೋಜಿಗವೆನಿಸಿತು. ತಪ್ಪು ಅನ್ನುವಷ್ಟು ನನಗೆ ತಿಳಿದಿರಲಿಲ್ಲ. ಕೇಳಬೇಕು ಅನ್ನಿಸಿತು, ಅಷ್ಟೇ.

"ಆ ಹುಡುಗರನ್ನ ಐತವಾರ ಊಟಕ್ಕ ಕರಿ," ಅಂದೆ.

"ಆಯೀ! ವೈ?"

"ಅವರನ್ನ ಕರದು ಏನ ಮಾಡ್ತೀಯವ್ವಾ?" ಸುನೀಲ ಅಂದ.

"ಕೇಳ್ತೀನಿ."

"ಏನ ಕೇಳ್ತಿ?"

"ಅದು ಅವರು ಬಂದ ಮ್ಯಾಲೆ ಗೊತ್ತಾಗ್ತೈತಿ."

ಐದರಲ್ಲಿ ಇಬ್ಬರು ಬಂದರು. ಹರ್ಜೋತ್ ಪಂಜಾಬಿ, ನಮ್ಮ ಮನೆಯಿಂದ ಮೂರು ಬೀದಿ ಆಚೆ ಇರುವವನು; ತಲೆಗೆ ಕರಿಯ ಪಟ್ಕಾ, ಬಾಯಿಗೆ ಬಿಡುವಿಲ್ಲ. ಡ್ವೇನನ ಮನೆಯವರು ಜಮೈಕಾದ ಕಡೆಯವರು. ಬಾಗಿಲಲ್ಲಿ ತಲೆ ತಗ್ಗಿಸಿ ಬಂದ, ಕೂತ ಕುರ್ಚಿ ಕಿರುಗುಟ್ಟಿತು, ಅದಕ್ಕೆ ಸಾರಿ ಅಂದ. ನನ್ನ ಸೊಸೆ ನೀಲಾಂಬಿಕಾ ರೊಟ್ಟಿ ಬಡಿದು ಹಾಕುತ್ತಿದ್ದಳು, ನಾನು ಬಡಿಸುತ್ತಿದ್ದೆ. ಎಣಗಾಯಿ ಹೇಗೋ ಏನೋ ಅಂದುಕೊಂಡಿದ್ದೆ. ಡ್ವೇನ್ ಶೇಂಗಾ ಚಟ್ನಿಯ ಬಟ್ಟಲನ್ನೇ ತನ್ನ ಹತ್ತಿರ ಎಳೆದುಕೊಂಡ.

"ಅತ್ತೀ, ಹಿಟ್ಟು ಮುಗೀತು," ಎಂದು ನೀಲಾ ಒಳಗಿನಿಂದ ಕೂಗಿದಳು. "ಇನ್ನಿಬ್ಬರು ಬಂದಿದ್ರ ನನ್ನನ್ನ ತಿಂತಿದ್ರು!"

"ಆಂಟಿ ಏನಂದ್ರು?" ಹರ್ಜೋತ್ ಕೇಳಿದ.

"ಇನ್ನೂ ರೊಟ್ಟಿ ಬರ್ತಿದೆ ಅಂದಳು," ಎಂದು ನಾನು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಸೀನಿಯರ್ ಸೆಂಟರಿನ ಪಂಜಾಬಿ ಹೆಂಗಸರ ನಡುವೆ ಕೂತು ಕಲಿತ ಹಿಂದಿ. ಅವನಿಗೆ ಧಾರಾಳ ಸಾಕಾಗಿತ್ತು. ಹಾಗೆಯೇ ಅದರಲ್ಲೇ ಕೇಳಿಬಿಟ್ಟೆ: "ಬೇಟಾ, ನನ್ನ ಮೊಮ್ಮಗ ಯಾಕೆ ಬೀಳ್ತಾನೆ?"

ಈರೇಶ ತಟ್ಟೆಯೊಳಗೆ ಮುಖ ಇಟ್ಟ. ಹರ್ಜೋತ್ ಬಾಯಿ ಒರೆಸಿಕೊಂಡ.

"ದಾದೀಜಿ, ನಿಜ ಹೇಳಲಾ? ಬೇಜಾರು ಮಾಡ್ಕೋಬಾರದು."

ಟೇಬಲ್ಲಿನ ಮೇಲಿದ್ದ ಸ್ಟೀಲ್ ಲೋಟಗಳನ್ನು ಎಳೆದುಕೊಂಡ. ಸಾಲದ್ದಕ್ಕೆ ಡ್ವೇನನ ಕೈಯಲ್ಲಿದ್ದ ಮಜ್ಜಿಗೆಯ ಲೋಟವನ್ನೂ ಕಿತ್ತುಕೊಂಡು, ಐದನ್ನು ಸಾಲಾಗಿ ಇಟ್ಟ. "ಇದು ನಾವು. ಈಗ ಇವನು ಬೇಕು." ಸುತ್ತ ನೋಡಿದ. ಈರೇಶನ ಚೀಲಕ್ಕೆ ಹಾಕದೆ ಬಿಟ್ಟಿದ್ದ ದೇವಸ್ಥಾನದ ನಿಂಬೆಹಣ್ಣು ಹಣ್ಣಿನ ಬುಟ್ಟಿಯಲ್ಲಿತ್ತು. ಅದನ್ನು ತೆಗೆದುಕೊಂಡು ಲೋಟಗಳ ಸ್ವಲ್ಪ ಹಿಂದೆ ಇಟ್ಟ. ತಡೆಯಲು ಚಾಚಿದ ಕೈಯನ್ನು ನಾನು ಹಿಂದೆ ತೆಗೆದುಕೊಂಡೆ.

"ನಾವು ಇವನ ಸುತ್ತ ಒಂದು ಬಟ್ಟಲು ಮಾಡ್ತೀವಿ." ತುದಿಯ ಎರಡು ಲೋಟಗಳನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. "ತುದಿಯಿಂದ ಓಡಿ ಬರುವವನನ್ನು ಡ್ವೇನನಿಗೆ ನಿಲ್ಲಿಸೋದಕ್ಕೆ ಆಗಲ್ಲ, ಬರುವವನು ಅಷ್ಟು ಜೋರು. ಆದರೆ ತಳ್ಳಬಹುದು. ತಳ್ಳಿ ತಳ್ಳಿ ಹಿಂದಕ್ಕೆ ಸಾಗಹಾಕ್ತಾನೆ. ಓಡಿ ಬಂದವನು ಈ ಬಟ್ಟಲಿನ ಹಿಂದಿನ ಖಾಲಿ ಜಾಗಕ್ಕೆ ಹೋಗಿ ಬೀಳಬೇಕು. ಆದರೆ ಆ ಖಾಲಿ ಜಾಗದಲ್ಲಿ ಯಾರಿರ್ತಾರೆ ಗೊತ್ತಾ?" ನಿಂಬೆಹಣ್ಣನ್ನು ಹಿಂದಕ್ಕೆ ಉರುಳಿಸಿದ. ಅದು ಚಟ್ನಿ ಬಟ್ಟಲಿನ ಹತ್ತಿರ ಹೋಗಿ ನಿಂತಿತು. "ನಿಮ್ಮ ಮೊಮ್ಮಗ. ಡ್ವೇನ್ ಪಾರ್ಸಲ್ ಮಾಡಿ ಕಳಿಸ್ತಾನೆ, ಇವನು ಸಹಿ ಹಾಕಿ ತಗೋತಾನೆ."

ಡ್ವೇನ್ ನಕ್ಕ. ಅವನಿಗೆ ಹಿಂದಿ ಬಾರದು, ಆದರೆ ಲೋಟ, ನಿಂಬೆಹಣ್ಣು ಸಾಕಾಗಿತ್ತು.

ಈರೇಶ ನಗಲಿಲ್ಲ. ಇಂಗ್ಲಿಷಿನಲ್ಲಿ ಹರ್ಜೋತನ ಮೇಲೆ ಹರಿಹಾಯ್ದ. ನೀವು ಹಿಡಿದು ನಿಲ್ಲುವುದಿಲ್ಲ, ಅದಕ್ಕೇ ನಾನು ಹಿಂದೆ ಹೋಗುತ್ತೇನೆ ಎಂದ. ನೀನು ಹಿಂದೆ ಹೋಗುತ್ತೀಯ, ಅದಕ್ಕೇ ನಮಗೆ ಹಿಡಿಯಲಾಗುವುದಿಲ್ಲ ಎಂದ ಹರ್ಜೋತ್. ಇಷ್ಟು ಇಂಗ್ಲಿಷು ನನಗೆ ಅರ್ಥವಾಗುತ್ತದೆ.

ಯಾವುದು ಮೊದಲು? ಇದು ನನಗೆ ಬಹಳ ಕುತೂಹಲದ ಸಂಗತಿಯಾಗಿ ಕಂಡಿತು. ಕೇಳಿದೆ. ಹರ್ಜೋತ್ ನನ್ನ ಪ್ರಶ್ನೆಯನ್ನು ಡ್ವೇನನಿಗೆ ಇಂಗ್ಲಿಷಿನಲ್ಲಿ ಹೇಳಿದ. ಆಗ ಡ್ವೇನ್ ಬಾಯಿಬಿಟ್ಟ. ಮೊದಲ ಎರಡು ಆಟಗಳಲ್ಲಿ ತಪ್ಪು ತನ್ನದೇ, ತಾನು ಇಲ್ಲಿಯವರೆಗೆ ಬಾಸ್ಕೆಟ್‌ಬಾಲ್ ಆಡಿದವನು, ಕಾಲು ಎಲ್ಲಿಡಬೇಕೆಂದು ಈಗ ಕಲಿಯುತ್ತಿದ್ದೇನೆ ಎಂದ. ಅಷ್ಟು ದೊಡ್ಡ ಹುಡುಗ ಅಷ್ಟು ಸಣ್ಣ ದನಿಯಲ್ಲಿ ಹೇಳಿದ.

"ಇದನ್ನ ಇವನಿಗೆ ಮೊದಲೇ ಹೇಳಬಾರದಾಗಿತ್ತಾ?" ಎಂದು ಸುನೀಲ ಇಂಗ್ಲಿಷಿನಲ್ಲಿ ಕೇಳಿದ. ಅಲ್ಲಿಯವರೆಗೆ ಅವನು ಸೋಫಾದಲ್ಲಿ ಫೋನು ನೋಡುತ್ತ ಕೂತಿದ್ದ.

"ಯಾವಾಗ ಹೇಳೋದು, ಅಂಕಲ್?" ಹರ್ಜೋತ್ ಅಂದ. "ಎಲ್ಲರೂ ನಿಂತು ಇದನ್ನೇ ಮಾಡೋದು ಬುಧವಾರ. ಲೈನು ಮತ್ತು ಕ್ವಾರ್ಟರ್‌ಬ್ಯಾಕ್. ಇವನು ಇರೋದೇ ಇಲ್ಲ. ಮಾರ್ಲನ್ ಬಂದು ನಿಲ್ತಾನೆ, ನಮಗೆ ಮಾರ್ಲನ್ ನಿಲ್ಲೋ ಜಾಗ ಅಭ್ಯಾಸ ಆಗಿದೆ."

ನೀಲಾ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

ಹುಡುಗರು ಹೋದ ಮೇಲೆ ಮನೆಯಲ್ಲಿ ಜಗಳವೇ ಆಯಿತು. ಜಗಳ ಅಂದರೆ ಸುನೀಲ ಒಬ್ಬನೇ ಮಾತಾಡಿದ. ಆ ಮಾಸ್ತರ ಎಂಥೆಂಥವರನ್ನು ತಯಾರು ಮಾಡಿದ್ದಾನೆ, ಈ ಹುಡುಗರಿಗೆ ಏನು ಗೊತ್ತು, ತಾವು ಸರಿಯಾಗಿ ತಡೆಯದೆ ಇವನ ಮೇಲೆ ಹಾಕುತ್ತಾರೆ, ಇನ್ನು ಎರಡು ಕ್ಲಾಸು ಸಿಕ್ಕರೆ ಎಲ್ಲ ಸರಿಹೋಗುತ್ತದೆ.

"ರಾಮಮೂರ್ತಿ ಸರ್ ಇಲ್ಲದಿದ್ರ ನಾ ಇಲ್ಲಿ ಇರ್ತಿದ್ನೇನು?" ಅಂದ ಕಡೆಗೆ.

ನೀಲಾ ಪಾತ್ರೆ ಒರೆಸುತ್ತಿದ್ದವಳು ತಿರುಗಿದಳು. "ರೀ, ಗಣಿತದ ಪರೀಕ್ಷಾದಾಗ ನಿಮ್ಮ ಮುಂದ ಐದು ಮಂದಿ ನಿಂತಿದ್ರೇನ್ರಿ? ನಿಮ್ಮ ಮ್ಯಾಲೆ ಯಾರರೆ ಬಂದು ಬೀಳ್ತಿದ್ರೇನು?"

ನನಗೆ ನಗು ತಡೆಯಲಾಗಲಿಲ್ಲ. ಸುನೀಲ ನನ್ನನ್ನು ಗುರ್ರೆಂದು ನೋಡಿದ.

"ಪಪ್ಪಾ," ಅಂದ ಈರೇಶ. ಮೆಟ್ಟಿಲ ಮೇಲೆ ನಿಂತಿದ್ದ. "ಐ ಡೋಂಟ್ ವಾಂಟ್ ಟು ಗೋ ಆನ್ ವೆನ್ಸ್‌ಡೇ."

"ಮೊದಲ ಯಾಕ ಹೇಳಲಿಲ್ಲ?"

"ನೀವು ಶಿಫ್ಟ್ ಮುಗಿಸಿ ನಿದ್ದಿ ಬಿಟ್ಟು ಡ್ರೈವ್ ಮಾಡ್ತಿದ್ರಿ," ಅಂದ. "ಹೆಂಗ ಹೇಳ್ಲಿ?"

ಸುನೀಲ ವಿಮಾನದ ಸರಕು ಇಳಿಸುವ ಕಡೆ ಸೂಪರ್‌ವೈಸರ್. ಬೆಳಗಿನ ಜಾವಕ್ಕೇ ಅವನ ಶಿಫ್ಟು ಶುರು. ಆ ಮಾತು ಕೇಳಿದವನು ಕಾರಿನ ಕೀಲಿಯನ್ನು ಮೊಳೆಗೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದ.

ಬುಧವಾರ ಶಾಲೆ ಬಿಡುವ ಹೊತ್ತಿಗೆ ಸುನೀಲ ಕಾರು ತೆಗೆದ. ನಾನು ಕೇಳದೆಯೇ ಹತ್ತಿ ಕೂತೆ. ಹುಡುಗನನ್ನು ಹತ್ತಿಸಿಕೊಂಡು ರಿಚ್ಮಂಡ್ ಹಿಲ್‌ಗೆ ಹೋಗುತ್ತಾನೋ, ಏನು ಮಾಡುತ್ತಾನೋ ನನಗೆ ತಿಳಿದಿರಲಿಲ್ಲ. ಅವನಿಗೂ ತಿಳಿದಿರಲಿಲ್ಲ ಅಂತ ಕಾಣುತ್ತದೆ. ಶಾಲೆಯ ಪಾರ್ಕಿಂಗಿನಲ್ಲಿ ಎಂಜಿನ್ ಆರಿಸದೆ ಕೂತ. ಈರೇಶ ಬಾಗಿಲಿಂದ ಬಂದು, ಕಾರನ್ನು ನೋಡಿ ನಿಂತ. ಇವನು ಗಾಜು ಇಳಿಸಿದ.

"ಹೋಗು, ಹೋಗು. ತಡಾ ಆಗ್ತದ," ಎಂದು ಮೈದಾನದ ಕಡೆ ಕೈ ತೋರಿಸಿದ.

ಈರೇಶ ಓಡಿದ. ಅವನು ಹಾಗೆ ಓಡಿದ್ದನ್ನು ನಾನು ಆಟದಲ್ಲೂ ನೋಡಿರಲಿಲ್ಲ.

ನಾವೂ ಬೇಲಿಯ ಹತ್ತಿರ ಹೋಗಿ ನಿಂತೆವು. ಐದು ಹುಡುಗರು ಬಗ್ಗಿ ನಿಂತಿದ್ದರು, ಹಿಂದೆ ಈರೇಶ. ಎದುರಿಗೆ ಓಡಿ ಬರುವವರಾಗಿ ನಿಲ್ಲಲು ಜನ ಸಾಲದಿದ್ದುದರಿಂದ ಕೋಚ್ ಕೈಗೆ ಸಿಕ್ಕವರನ್ನೆಲ್ಲ ನಿಲ್ಲಿಸುತ್ತಿದ್ದರು. ಸುನೀಲನನ್ನು ನೋಡಿ ಬೆರಳು ಮಾಡಿ ಕರೆದರು. ಕೈಗೆ ಉದ್ದ ಕೋಲಿನ ಒಂದು ಕಸಬರಿಗೆ ಕೊಟ್ಟರು! ಅದನ್ನು ಮೇಲಕ್ಕೆ ಎತ್ತಿ ಹಿಡಿಯಬೇಕು; ಎತ್ತರದ ಎದುರಾಳಿಯ ಕೈಯಂತೆ. ಎಸೆಯುವವನು ಅದರ ಮೇಲಿಂದ ಎಸೆಯಬೇಕು.

ನನ್ನ ಮಗ ಆಫೀಸಿನ ಬೂಟಿನಲ್ಲಿ, ತಲೆಯ ಮೇಲೆ ಕಸಬರಿಗೆ ಎತ್ತಿಕೊಂಡು, ತನ್ನ ಮಗನ ಕಡೆಗೆ ಓಡಿದ. ಡ್ವೇನ್ ತಳ್ಳಿದ. ಸುನೀಲ ಬದಿಯಿಂದ ಮುಗ್ಗರಿಸುತ್ತ ಹಿಂದೆ ಹೋದ, ಕಸಬರಿಗೆ ಹೋಗಿ ಈರೇಶನ ಹೆಲ್ಮೆಟ್ಟಿಗೆ ತಾಕಿತು.

"ಏ ಸುನೀಲಾ! ಕಸಬರಿಗಿ ಹುಡುಗಗ ತಾಕಿಸಬ್ಯಾಡೋ!" ಎಂದು ನಾನು ಬೇಲಿಯಿಂದ ಕೂಗಿದೆ. ನಮ್ಮಲ್ಲಿ ಕಸಬರಿಗೆ ಯಾರಿಗಾದರೂ ತಾಕಿದರೆ ಅಪಶಕುನ, ಜಗಳ.

"ಅಂವಾ ಅಲ್ಲಿ ಬಂದು ನಿಂತ್ರ ನಾ ಏನ ಮಾಡ್ಲಿ!" ಎಂದು ಸುನೀಲ ಏದುಸಿರು ಬಿಡುತ್ತ ಕೂಗಿದ. ಕೂಗಿದವನು ಹಾಗೆಯೇ ನಿಂತುಬಿಟ್ಟ. ತಾನು ತಳ್ಳಿಸಿಕೊಂಡು ಬಂದ ದಾರಿಯನ್ನು ತಿರುಗಿ ನೋಡಿದ. ನೇರವಾಗಿ ಮಗನ ಕಾಲ ಬುಡಕ್ಕೆ ಬಂದಿತ್ತು. ಆಮೇಲೆ ಅವನೇ ಹೋಗಿ, ಕಸಬರಿಗೆಯ ಕೋಲಿನಿಂದ ಹುಲ್ಲಿನ ಮೇಲೆ ಒಂದು ಗೆರೆ ಎಳೆದಂತೆ ಮಾಡಿ, ಈರೇಶನ ಭುಜ ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದ. ಏನು ಹೇಳಿದನೋ ನನಗೆ ಕೇಳಿಸಲಿಲ್ಲ, ವಿಮಾನ ಬಂತು.

ಮತ್ತೆ ಓಡಿದ. ಡ್ವೇನ್ ಮತ್ತೆ ತಳ್ಳಿದ. ಈ ಸಲ ಸುನೀಲ ಕಸಬರಿಗೆಯ ಸಮೇತ ಈರೇಶನ ಬೆನ್ನ ಹಿಂದಿನಿಂದ ಹಾದು ಎಲ್ಲೋ ಹೋದ. ಚೆಂಡು ಹೊರಟಿತ್ತು.

ಕತ್ತಲಾಗುವವರೆಗೆ ಅದನ್ನೇ ಮಾಡಿದರು. ಮರುದಿನ ಸುನೀಲನಿಗೆ ಸೊಂಟ ಎತ್ತಲಾಗಲಿಲ್ಲ. ನೀಲಾ ಎಣ್ಣೆ ಹಚ್ಚುತ್ತ, "ನಿಮಗೂ ಒಂದು ಟ್ಯೂಷನ್ ಹಚ್ಚೂಣೇನ್ರಿ?" ಅಂದಳು.

ಶುಕ್ರವಾರ ಗಾಳಿ ಜೋರಾಗಿತ್ತು. ನೀಲಾ ರಜೆ ಹಾಕಿ ಬಂದಿದ್ದಳು. ನಾನು ಅದೇ ಕುರ್ಚಿ, ಅದೇ ಕಂಬಳಿ. ಮಾರ್ಲನ್ ಅಂಚಿನಲ್ಲಿ ಚೆಂಡು ಹಿಡಿದು ಕೈ ಬಿಸಿ ಮಾಡಿಕೊಳ್ಳುತ್ತಿದ್ದ. ಅವನ ತಾಯಿಯೂ ನಮ್ಮ ಹತ್ತಿರವೇ ಕೂತಿದ್ದಳು. ಆಕೆಗೂ ತನ್ನ ಮಗ ಆಡಬೇಕೆಂದು ಇರುತ್ತದಲ್ಲ. ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟೆ.

ಮೊದಲ ಸಲವೇ ಈರೇಶ ಹಿಂದಕ್ಕೆ ಹಿಂದಕ್ಕೆ ಸರಿದ. ಹಳೆಯ ಚಾಳಿ. ಬಿದ್ದ. ಸುನೀಲ ಬೇಲಿಯ ಕಂಬವನ್ನು ಹಿಡಿದುಕೊಂಡ. "ಮತ್ತ ಚಟ್ನಿ ಬಟ್ಟಲಿಗೆ ಹೋದ," ಎಂದಳು ನೀಲಾ, ತನಗೆ ತಾನೇ.

ಆಟ ನಿಂತ ಹೊತ್ತಿನಲ್ಲಿ ಹರ್ಜೋತ್ ಅವನ ಹೆಲ್ಮೆಟ್ಟಿಗೆ ತನ್ನ ಹೆಲ್ಮೆಟ್ ತಾಗಿಸಿ ಏನೋ ಹೇಳಿದ. ಮುಂದಿನ ಸಲ ಈರೇಶ ಹಿಂದೆ ಹೋಗಲು ಕಾಲೆತ್ತಿದವನು ನಿಂತ. ಒಂದು ಹೆಜ್ಜೆ ಮುಂದೆ ಬಂದ. ಎದೆಯ ಮೇಲೆ ಓಡಿ ಬರುವವರ ಕಡೆಗೇ ಒಂದು ಹೆಜ್ಜೆ ಇಡುವುದು ಎಷ್ಟು ಕಷ್ಟವೋ ನನಗೆ ತಿಳಿಯದು. ಡ್ವೇನ್ ತಳ್ಳಿದವನು ಖಾಲಿ ಜಾಗಕ್ಕೆ ಹೋಗಿ ಮಗುಚಿಕೊಂಡ. ಚೆಂಡು ನಮ್ಮ ಮುಂದೆಯೇ ಗಾಳಿಯಲ್ಲಿ ಹಾದುಹೋಯಿತು. ಆ ಕಡೆ ಒಬ್ಬ ಹಿಡಿದ.

ಎಲ್ಲ ಸಲವೂ ಹಾಗಾಯಿತು ಅಂತ ಹೇಳಲಾರೆ. ಒಂದು ಚೆಂಡನ್ನು ಎದುರಾಳಿಗಳ ಕೈಗೇ ಎಸೆದ. ಒಮ್ಮೆ ಡ್ವೇನನೇ ಕಾಲು ತೊಡರಿ ಬಿದ್ದು ಇವನನ್ನೂ ಕೆಡವಿದ. ಆದರೂ ಚೆಂಡು ಮುಂದೆ ಸಾಗುತ್ತಿತ್ತು, ನಿಂತು ನಿಂತು, ಟ್ರಾಫಿಕ್ಕಿನಲ್ಲಿ ಸಿಕ್ಕ ಬಸ್ಸಿನ ಹಾಗೆ. ಮೊದಲರ್ಧ ಮುಗಿದಾಗ ನಮ್ಮವರು ಸ್ವಲ್ಪ ಹಿಂದಿದ್ದರು.

ಹುಡುಗರು ಒಂದು ಕಡೆ ಗುಂಪಾಗಿ ಮೊಣಕಾಲೂರಿ ಕೂತರು. ಕೋಚ್ ಮಾರ್ಲನ್ ಹತ್ತಿರ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟು ಮಾತಾಡುವುದು ಕಂಡಿತು. ಸುನೀಲ ಆ ಕಡೆ ಬೆನ್ನು ಮಾಡಿ ನಿಂತ.

"ನೀನ ನೋಡವ್ವಾ. ನಂಗ ನೋಡಾಕ ಆಗಂಗಿಲ್ಲ."

ಸೀಟಿಯಾಯಿತು. ಮಾರ್ಲನ್ ಓಡಿ ಮೈದಾನದೊಳಗೆ ಬಂದ. ನಾನು ಈರೇಶ ನಿಲ್ಲುವ ಜಾಗವನ್ನು ನೋಡಿದೆ. ಎಲ್ಲರಿಗಿಂತ ಹಿಂದೆ, ಒಬ್ಬನೇ ನಿಲ್ಲುವ ಜಾಗ. ಅಲ್ಲಿ ಯಾರೂ ಇರಲಿಲ್ಲ.

"ಕಾಣವಲ್ಲೋ, ಸುನೀಲಾ."

"ಮಾರ್ಲನ್ ಬಂದಾನೇನು ಅಲ್ಲಿ?"

ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡೆ. ಮಾರ್ಲನ್ ದೂರದ ಅಂಚಿಗೆ ಹೋಗಿ ನಿಂತಿದ್ದ, ಚೆಂಡು ಹಿಡಿಯುವವರು ನಿಲ್ಲುವ ಕಡೆ. ಹಾಗಾದರೆ ಎಸೆಯುವವನು ಯಾರು? ಐದು ಅಗಲವಾದ ಬೆನ್ನುಗಳು ಬಗ್ಗಿ ನಿಂತವು. ಅವುಗಳ ಹಿಂದೆ ಯಾರೋ ಇದ್ದರು, ಆದರೆ ಡ್ವೇನನ ಬೆನ್ನು ಅಡ್ಡ. ಬಗ್ಗಿ ನೋಡಿದೆ, ಎದ್ದು ನೋಡಿದೆ. ಹರ್ಜೋತ್ ಚೆಂಡನ್ನು ಹಿಂದಕ್ಕೆ ಕೊಟ್ಟ, ಜನ ಮೇಲೆ ಬಿದ್ದರು, ತಳ್ಳಿದರು, ಆದರೂ ಆ ಬಟ್ಟಲು ಒಡೆಯಲಿಲ್ಲ. ಅದರ ನಡುವಿನಿಂದ ಒಂದು ಕೈ ಮೇಲೆ ಬಂತು, ಚೆಂಡು ಎಸೆದು ಕೆಳಗಿಳಿಯಿತು. ಗೋದಾಮಿನಲ್ಲಿ ಕಂಡಿದ್ದ ಅದೇ ಎಸೆತ.

"ಅಂವನ ಏನವ್ವಾ?" ಎಂದ ಸುನೀಲ, ಇನ್ನೂ ತಿರುಗದೆ.

ಆ ಕೈಯ ಮಣಿಕಟ್ಟಿನಲ್ಲಿ ನಾನು ದೇವಸ್ಥಾನದಿಂದ ತಂದು ಕಟ್ಟಿದ ಕೆಂಪು ದಾರ ಇತ್ತೋ ಇಲ್ಲವೋ, ಅಷ್ಟು ದೂರದಿಂದ ಹೇಗೆ ಕಾಣಬೇಕು?

"ನೀನ ತಿರುಗಿ ನೋಡು," ಅಂದೆ. "ನಂಗ ಬರೇ ಹುಡುಗೋರ ಬೆನ್ನ ಕಾಣಾಕ ಹತ್ಯಾವು."

ಸುನೀಲ ತಿರುಗಿದ.